ಏಳು ಗಂಟೆಗೆ ಬರುವವಳು

ಕುಣಿಗಲ್‌ನಿಂದ ಗುಬ್ಬಿಯ ಅಮ್ಮನಿಗೆ ಅನುಪಮಾ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಬಿಡದೆ ನಡೆದುಬಂದ ರೂಢಿ ಅದು. ಮಗಳಿಗೆ ಊಟ ಮಾಡಿಸುತ್ತಾ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಊರಿನ ಸುದ್ದಿಯನ್ನೆಲ್ಲ ಕೇಳುತ್ತಿದ್ದಳು. ಒಂದು ಸಂಜೆ ಫೋನು ರಿಂಗ್ ಆಗಿ ಆಗಿ ನಿಂತುಹೋಯಿತು. ಮತ್ತೆ ಮಾಡಿದಳು. ಶಿವರುದ್ರಮ್ಮ ಗಡಿಬಿಡಿಯಲ್ಲಿ ಎತ್ತಿದರು.

"ಅನು, ಒಂದರ್ಧ ಗಂಟೆ ಬುಟ್ಟು ಮಾಡು ಕಣೇ. ಈಗ ತನುಶ್ರೀ ಬರೋ ಟೈಮು."

"ಯಾವ ತನುಶ್ರೀ?"

"ಅದೇ ಕಣೇ, ನಿಮ್ಮ ಚಾನೆಲ್‌ನಲ್ಲಿ ನ್ಯೂಸ್ ಓದ್ತಾಳಲ್ಲ, ಆ ಹುಡುಗಿ. ಎಷ್ಟು ಚೆನ್ನಾಗಿ ಓದ್ತಾಳೆ ಅಂತೀಯ. ಇಡ್ತೀನಿ."

ಅಮ್ಮ ಇಟ್ಟುಬಿಟ್ಟರು. ಅನುಪಮಾ ತುತ್ತು ಹಿಡಿದ ಕೈಯನ್ನು ಹಾಗೇ ಹಿಡಿದುಕೊಂಡು ಕೂತಳು. ಮಗಳು ಬಾಯಿ ತೆರೆದುಕೊಂಡು ಕಾಯುತ್ತಿತ್ತು.

ನಿಮ್ಮ ಚಾನೆಲ್ ಎಂದು ಅಮ್ಮ ಹೇಳಿದ್ದು ತುಮಕೂರಿನ 'ತೆಂಗುನಾಡು' ಎಂಬ ಕೇಬಲ್ ವಾಹಿನಿಯನ್ನು. ಮದುವೆಗೆ ಮುಂಚಿನಿಂದಲೂ ಅಲ್ಲಿ ಸಂಜೆಯ ವಾರ್ತೆ ಓದುತ್ತಿದ್ದವಳು ಅನುಪಮಾ. ಬ್ಯಾಂಕೊಂದರ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಒಂದು ಕ್ಯಾಮೆರಾ, ಹಿಂದೆ ನೀಲಿ ಪರದೆ, ಅಷ್ಟೇ ಆ ವಾಹಿನಿ. ಆದರೆ ಗುಬ್ಬಿಯ ಬಸ್ಸಿನಲ್ಲಿ ಅವಳಿಗೆ ಸೀಟು ಬಿಟ್ಟುಕೊಡುತ್ತಿದ್ದರು. ಬಳೆ ಅಂಗಡಿಗೆ ಹೋದರೆ ಅಂಗಡಿಯವನು, "ಟಿವಿ ಮೇಡಂ ಬಂದವ್ರೆ, ಒಳ್ಳೇದು ತೋರ್ಸ್ಲಾ" ಎಂದು ಒಳಗೆ ಕೂಗುತ್ತಿದ್ದ. ಒಂದು ಅಕ್ಷರ ಜಾರದಂತೆ, ಅಲ್ಪಪ್ರಾಣ ಮಹಾಪ್ರಾಣ ಹೆಚ್ಚುಕಡಿಮೆಯಾಗದಂತೆ ಓದುತ್ತಾಳೆ ಎಂದು ಹೆಸರಾಗಿತ್ತು. ಮಗು ಹೊಟ್ಟೆಯಲ್ಲಿದ್ದಾಗ ಕೆಲಸ ಬಿಟ್ಟಳು. ವಾಹಿನಿಯ ಮಾಲೀಕ ಶಿವಮೂರ್ತಿ, "ಯಾವಾಗ ಬೇಕಾದ್ರೂ ಬನ್ನಿ, ಇದು ನಿಮ್ಮ ಕುರ್ಚಿ" ಎಂದು ಬೀಳ್ಕೊಟ್ಟಿದ್ದರು. ಆ ಮಾತನ್ನು ಅನುಪಮಾ ನಂಬಿದ್ದಳು. ಆಗಾಗ ನೆನೆದುಕೊಳ್ಳುತ್ತಿದ್ದಳು. ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಕೂತವಳಿಗೆ ಒಂದು ಹೆಸರಿದೆ, ಅವಳಿಗಾಗಿ ತನ್ನ ಅಮ್ಮ ತನ್ನ ಫೋನನ್ನೇ ಇಟ್ಟುಬಿಡುತ್ತಾರೆ ಎಂಬುದು ಗೊತ್ತಿರಲಿಲ್ಲ.

ತನುಶ್ರೀಯನ್ನು ನೋಡಬೇಕು ಅನಿಸಿತು. ನೋಡಲು ದಾರಿ ಇರಲಿಲ್ಲ. ಗಂಡನ ಮನೆಯಲ್ಲಿದ್ದದ್ದು ಮಹಡಿ ಮೇಲೆ ಛತ್ರಿ ಇಟ್ಟ ಡಿಶ್. ತೆಂಗುನಾಡು ಬರುತ್ತಿದ್ದದ್ದು ಕೇಬಲ್‌ನಲ್ಲಿ ಮಾತ್ರ.

ಆ ಡಿಶ್ಶಿನ ಬಗ್ಗೆ ಮನೆಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಕೆರೆ ಕಡೆಯಿಂದ ನಾಲ್ಕು ಹನಿ ಬಿದ್ದರೆ ಸಾಕು, 'ಸಿಗ್ನಲ್ ಇಲ್ಲ' ಎಂದು ಬರೆದುಕೊಂಡು ಕೂರುತ್ತಿತ್ತು. ರೀಚಾರ್ಜ್ ಮಾಡಿಸಿದ ಪ್ರತಿ ಸಲವೂ ಕಳೆದ ಸಲಕ್ಕಿಂತ ಹೆಚ್ಚು ಕೇಳುತ್ತಿತ್ತು. ಯಾಕೆ ಎಂದು ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಹೇಳಿ, ಕೊನೆಗೆ ಯಾರೋ ಹಿಂದಿಯಲ್ಲಿ ಕ್ಷಮೆ ಕೇಳಿ ಇಡುತ್ತಿದ್ದರು. ಆದರೂ ಅತ್ತೆ ಸರ್ವಮಂಗಳ ಅವರಿಗೆ ಧಾರಾವಾಹಿ ಬರುತ್ತಿತ್ತು, ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಮಾವ ಮಹಾಲಿಂಗಯ್ಯನವರಿಗೆ ಬೆಳಗಿನ ಪ್ರವಚನ ಬರುತ್ತಿತ್ತು, ಗಂಡ ಸೋಮಶೇಖರ್‌ಗೆ ಕಬಡ್ಡಿ ಬರುತ್ತಿತ್ತು. ಬೈದುಕೊಂಡೇ ಎಲ್ಲರೂ ನೋಡುತ್ತಿದ್ದರು.

ಒಂದು ಮಳೆಯ ಸಂಜೆ ಅತ್ತೆಯ ಧಾರಾವಾಹಿ ಮುಖ್ಯ ಘಟ್ಟದಲ್ಲೇ ನಿಂತುಹೋಯಿತು. ಹೆದ್ದಾರಿ ಪಕ್ಕದ ಟೈರ್ ಅಂಗಡಿ ಮುಚ್ಚಿಕೊಂಡು ಸೋಮಶೇಖರ್ ಆಗತಾನೆ ಬಂದಿದ್ದ. ಅನುಪಮಾ ಕಾಫಿ ಕೊಡುತ್ತಾ, ಮನಸ್ಸಿನಲ್ಲಿ ಏನೂ ಇಲ್ಲದವಳ ಹಾಗೆ ಮಾತು ತೆಗೆದಳು.

"ರೀ, ಈ ಡಿಶ್ ಸಹವಾಸ ಸಾಕು. ಬೆಟ್ಟಸ್ವಾಮಿ ಹತ್ರ ಕೇಬಲ್ ಹಾಕಿಸ್ಕೊಳೋಣ. ಮಳೆ ಬಂದ್ರೂ ಬರುತ್ತಂತೆ."

"ಎಲ್ಲಾ ಒಂದೇ ಕಣೆ. ಅವ್ನೂ ದುಡ್ಡು ಕೀಳ್ತಾನೆ, ಇವ್ರೂ ಕೀಳ್ತಾರೆ."

"ಅತ್ತೆ ಪಾಪ ದಿನಾ ಬೇಜಾರು ಮಾಡ್ಕೋತಾರೆ" ಎಂದಳು ಅನುಪಮಾ. ಅತ್ತೆ ಹೌದು ಹೌದು ಎಂದು ತಲೆಯಾಡಿಸಿದರು. ತನ್ನ ಪರವಾಗಿ ಸೊಸೆ ಮಾತಾಡಿದಳೆಂದು ಅವರಿಗೆ ಖುಷಿಯೇ ಆಯಿತು.

ಕೇಬಲ್ ಬೆಟ್ಟಸ್ವಾಮಿ ಬೈಕಿನಲ್ಲಿ ವೈರಿನ ಸುರುಳಿ ನೇತುಹಾಕಿಕೊಂಡು ಬಂದ. ಡಬ್ಬ ಕೂರಿಸಿ, ರಿಮೋಟ್ ಒತ್ತಿ, ಚಿತ್ರ ಬರಿಸಿ ತೋರಿಸಿದ. ಅನುಪಮಾ ಕೇಳಿದ ಮೊದಲ ಪ್ರಶ್ನೆ ತೆಂಗುನಾಡು ಯಾವ ನಂಬರಿನಲ್ಲಿ ಬರುತ್ತದೆ ಎಂಬುದು.

"ಅದಾ ಅಕ್ಕಾವ್ರೇ? ಮೊದ್ಲು ಫ್ರೀ ಇತ್ತು. ಈಗ ದೊಡ್ಡ ಪ್ಯಾಕ್‌ಗೆ ಹಾಕವ್ರೆ. ಅದ್ನೇ ತಗಳಿ, ಇನ್ನೂ ಸಿಕ್ಕಾಪಟ್ಟೆ ಚಾನೆಲ್ ಬತ್ತವೆ."

ಸಿಕ್ಕಾಪಟ್ಟೆಯೇ ಬಂದವು. ಮನೆಯಲ್ಲಿ ಯಾರಿಗೂ ತಿಳಿಯದ ಭಾಷೆಗಳಲ್ಲಿ ಯಾರ್ಯಾರೋ ಅಡುಗೆ ಮಾಡಿದರು, ಒಡವೆ ಮಾರಿದರು, ಜಗಳವಾಡಿದರು. ಅತ್ತೆಯ ಧಾರಾವಾಹಿಯ ಚಾನೆಲ್ ಮಾತ್ರ ಅದರಲ್ಲಿರಲಿಲ್ಲ, ಅದಕ್ಕೆ ಬಿಡಿಯಾಗಿ ದುಡ್ಡು ಕಟ್ಟಬೇಕಿತ್ತು. ಮಾವನ ಪ್ರವಚನ ಕೂಡ ಅಷ್ಟೇ. ಮಹಾಲಿಂಗಯ್ಯನವರು ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಕೂತು, ಅಷ್ಟೂ ನಂಬರುಗಳನ್ನು ಒಂದೊಂದಾಗಿ ಒತ್ತಿ ನೋಡಿ, ರಿಮೋಟನ್ನು ಮೆಲ್ಲಗೆ ಟಿವಿ ಪಕ್ಕ ಇಟ್ಟು ಎದ್ದುಹೋದರು. ಅನುಪಮಾಳಿಗೆ ಪಿಚ್ಚೆನಿಸಿತು. ಆದರೆ ಸಂಜೆ ಏಳಕ್ಕೆ ಇನ್ನೂ ಎಷ್ಟು ಹೊತ್ತಿದೆ ಎಂದು ಅವಳ ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು.

ತನುಶ್ರೀ ಬಂದಳು. ಮೊದಲು ಬಂದದ್ದು ಚೌಕಚೌಕವಾಗಿ ಒಡೆದ ಬಣ್ಣ, ಆಮೇಲೆ ಒಂದು ಕಣ್ಣು, ಆಮೇಲೆ ಪೂರ್ತಿ ಮುಖ. ಗುಂಡು ಮುಖದ, ಕಪ್ಪು ಬಣ್ಣದ, ಚಿಕ್ಕ ವಯಸ್ಸಿನ ಹುಡುಗಿ. ಸಾಧಾರಣ ಹತ್ತಿ ಸೀರೆ. ಓದುವಾಗ ಹುಬ್ಬು ಏರಿಸುತ್ತಿದ್ದಳು. ಇಷ್ಟೇನಾ ಅನಿಸಿ ಅನುಪಮಾಳಿಗೆ ಸಮಾಧಾನವಾಯಿತು. ಅಷ್ಟರಲ್ಲಿ ಹುಡುಗಿ ಹಾಲಿನ ದರ ಎನ್ನುವುದನ್ನು 'ಆಲಿನ ದರ' ಎಂದಳು. ಅನುಪಮಾಳ ಮೈಯೆಲ್ಲ ಜುಮ್ಮೆಂದಿತು. ತಕ್ಷಣ ಅಮ್ಮನಿಗೆ ಫೋನ್ ಮಾಡಬೇಕು ಅನಿಸಿತು. ಅಮ್ಮ ಈಗ ಎತ್ತುವುದಿಲ್ಲ ಎಂಬುದು ನೆನಪಾಗಿ ಅರ್ಧ ಗಂಟೆ ಕಾದಳು.

"ಅಮ್ಮ, ಕೇಳಿಸ್ಕೊಂಡ್ಯಾ? ಆಲಿನ ದರ ಅಂದ್ಲು! ನಮ್ಮ ಕಾಲದಲ್ಲಿ ಹಂಗೆ ಓದಿದ್ರೆ ಶಿವಮೂರ್ತಿ ಸಾರ್ ಮನೆಗೆ ಕಳಿಸ್ತಿದ್ರು."

"ಅಯ್ಯೋ, ನಾವೂ ಹಂಗೇ ಅಲ್ವೇನೇ ಅನ್ನೋದು? ಅವಳು ಓದಿದ್ರೆ ನಮ್ಮ ಪಕ್ಕದ್ಮನೆ ಹುಡುಗಿ ಜಗಲಿ ಮೇಲೆ ಕೂತು ಹೇಳ್ದಂಗೆ ಇರ್ತದೆ. ಅದಕ್ಕೇ ಬೀದಿಯೋರೆಲ್ಲ ನೋಡದು."

"ಹಾಗಾದ್ರೆ ನಾನು ಓದ್ತಿದ್ದಾಗ?"

ಶಿವರುದ್ರಮ್ಮ ಸ್ವಲ್ಪ ಯೋಚಿಸಿದರು. ಸುಳ್ಳು ಹೇಳುವ ಹೆಂಗಸಲ್ಲ ಅವರು. "ನೀನೂ ಚೆನ್ನಾಗಿ ಓದ್ತಿದ್ದೆ. ಆದ್ರೆ ನೀನು ಟಿವಿಲಿ ಕೂತ್ರೆ ನನ್ ಮಗಳು ಅನ್ನಿಸ್ತಿರಲಿಲ್ಲ ಕಣೇ. ಯಾರೋ ದೊಡ್ಡೋರ ಮನೆಯೋಳು ಅನ್ನಿಸ್ತಿತ್ತು."

ಆ ಮಾತು ಅನುಪಮಾಳೊಳಗೆ ಹೋಗಿ ಕೂತಿತು. ಪಾತ್ರೆ ತೊಳೆಯುವಾಗ, ಮಗಳ ಜಡೆ ಹೆಣೆಯುವಾಗ ಅದೇ ಕೇಳಿಸುತ್ತಿತ್ತು. ದಿನಾ ಏಳು ಗಂಟೆಗೆ ಟಿವಿ ಮುಂದೆ ಕೂತಳು. ಅತ್ತೆ ಧಾರಾವಾಹಿ ನೋಡಲು ಪಕ್ಕದ ಮನೆಯ ಮಹಾಲಕ್ಷ್ಮಮ್ಮನಲ್ಲಿಗೆ ಹೋಗತೊಡಗಿದರು. ಸೋಮಶೇಖರ್, "ಕೇಬಲ್ ಹಾಕ್ಸಿದ್ದು ಅಮ್ಮಂಗೋಸ್ಕರ ಅಂದಿದ್ಯಲ್ಲ?" ಎಂದು ಕೇಳಿದ. ಅನುಪಮಾ ಟಿವಿಯ ದನಿ ಏರಿಸಿದಳು. ತನುಶ್ರೀ ಒಂದು ದಿನ ಹಳದಿ ಸೀರೆ ಉಟ್ಟು ಬಂದರೆ ಅದು ಅವಳಿಗೆ ಒಪ್ಪುವುದಿಲ್ಲ ಎಂದುಕೊಂಡಳು. ಮಾರನೇ ದಿನ ತನ್ನದೇ ಬೀರುವಿನಿಂದ ಅದೇ ಬಣ್ಣದ ಸೀರೆ ತೆಗೆದು ಕನ್ನಡಿ ಮುಂದೆ ಹಿಡಿದು ನೋಡಿಕೊಂಡಳು. ಗಂಟಲು ಸರಿಮಾಡಿಕೊಂಡು, "ನಮಸ್ಕಾರ, ವಾರ್ತೆಗಳಿಗೆ ಸ್ವಾಗತ" ಎಂದಳು. ದನಿ ಚೆನ್ನಾಗಿಯೇ ಇತ್ತು. ಕೇಳಲು ಯಾರೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ತೆಂಗುನಾಡಿನಲ್ಲಿ 'ನೇರವಾಗಿ ಹೇಳಿ' ಎಂಬ ಕಾರ್ಯಕ್ರಮ ಬರುತ್ತಿತ್ತು. ಜನ ಫೋನ್ ಮಾಡಿ ಚರಂಡಿ, ಬೀದಿದೀಪ, ಬಸ್ಸು ಎಂದು ದೂರು ಹೇಳುವುದು, ವಾರ್ತೆ ಓದುವವಳು ಕೇಳಿಸಿಕೊಂಡು ಅಧಿಕಾರಿಗಳಿಗೆ ತಿಳಿಸುತ್ತೇವೆ ಅನ್ನುವುದು. ಅನುಪಮಾ ಇದ್ದಾಗಲೂ ಅದು ನಡೆಯುತ್ತಿತ್ತು. ಏನು ಬೇಕಾದರೂ ಮಾತಾಡಬಹುದಿತ್ತು, ಕೇಬಲ್ಲಿನ ಬಗ್ಗೆ ಮಾತ್ರ ಆಡುವ ಹಾಗಿರಲಿಲ್ಲ. ಯಾಕೆಂದರೆ ತುಮಕೂರು, ಗುಬ್ಬಿ, ಕುಣಿಗಲ್ಲಿಗೆ ಕೇಬಲ್ ಕೊಡುವ ಕಂಪನಿಯಲ್ಲಿ ಶಿವಮೂರ್ತಿಯವರಿಗೂ ಪಾಲಿತ್ತು. ಒಮ್ಮೆ ಕಡಬದಿಂದ ಯಾರೋ ಯಜಮಾನರು ಕೇಬಲ್ ದರದ ಮಾತೆತ್ತಿದಾಗ ಅನುಪಮಾ ಅವರನ್ನು ಅರ್ಧಕ್ಕೇ ನಿಲ್ಲಿಸಿ, "ಕ್ಷಮಿಸಿ, ಸಂಪರ್ಕ ಕಡಿತಗೊಂಡಿದೆ" ಎಂದು ನಗುತ್ತಾ ಮುಂದಿನ ಕರೆಗೆ ಹೋಗಿದ್ದಳು. ಶಿವಮೂರ್ತಿ ಬೆನ್ನು ತಟ್ಟಿದ್ದರು.

ಈ ಹುಡುಗಿಗೆ ಅದು ಬರುತ್ತದೆಯೇ? ಕಟ್ ಮಾಡಿದರೆ ನೋಡುವ ಜನಕ್ಕೆ ಬೇಸರ, ಅಮ್ಮನಿಗೂ ಬೇಸರ. ಮಾತಾಡಲು ಬಿಟ್ಟರೆ ಮಾಲೀಕರಿಗೆ ಸಿಟ್ಟು. ಹೇಗಾದರೂ ಒಂದು ಕಡೆ ಸಿಕ್ಕಿಬೀಳಲೇಬೇಕು. ಈ ಯೋಚನೆ ಬಂದಾಗ ಅನುಪಮಾಳಿಗೆ ತನ್ನ ಮೇಲೇ ಒಂದು ಕ್ಷಣ ಹೇಸಿಗೆಯಾಯಿತು. ಆಮೇಲೆ, ಸುಳ್ಳೇನೂ ಹೇಳುತ್ತಿಲ್ಲವಲ್ಲ, ಇರುವುದನ್ನೇ ತಾನೇ ಹೇಳುವುದು ಎಂದು ಸಮಾಧಾನ ಮಾಡಿಕೊಂಡಳು.

ಆ ಶನಿವಾರ ಅತ್ತೆ, ಮಾವ ಮಗಳನ್ನು ಕರೆದುಕೊಂಡು ಗೃಹಪ್ರವೇಶಕ್ಕೆ ಹೋಗಿದ್ದರು. ಅನುಪಮಾ ಟಿವಿ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು ಫೋನ್ ಮಾಡಿದಳು. ಬಹಳ ಹೊತ್ತಿನ ಮೇಲೆ ಲೈನ್ ಸಿಕ್ಕಿತು. ಎತ್ತಿದವನು ಯಾವ ವಿಷಯ ಎಂದು ಕೇಳಿದ. ಬೀದಿದೀಪ ಎಂದಳು. ಹೆಸರು? ಬಾಯಿಗೆ ಬಂದದ್ದು ಪಕ್ಕದ ಮನೆಯಾಕೆಯ ಹೆಸರು.

"ಕುಣಿಗಲ್‌ನಿಂದ ಮಹಾಲಕ್ಷ್ಮಮ್ಮ ಇದಾರೆ. ಹೇಳಿ ಅಮ್ಮ" ಎಂದಳು ಟಿವಿಯಲ್ಲಿ ತನುಶ್ರೀ. "ಅಮ್ಮ, ನಿಮ್ ಟಿವಿ ಸೌಂಡ್ ಸ್ವಲ್ಪ ಕಮ್ಮಿ ಮಾಡ್ಕೊಳಿ."

ಅನುಪಮಾ ಟಿವಿಯ ದನಿ ತಗ್ಗಿಸಿದಳು. ಎರಡು ಮಾತು ಹೇಳಿ ಸುಮ್ಮನಾಗುವುದೆಂದು ಅಂದುಕೊಂಡಿದ್ದಳು. ಆದರೆ ಬಾಯಿ ತೆರೆದ ಮೇಲೆ ಮಾತು ನಿಲ್ಲಲಿಲ್ಲ.

"ನಾನು ಕೇಬಲ್ ಟಿವಿ ವಿಷಯ ಹೇಳ್ಬೇಕು. ತಿಂಗಳಾ ತಿಂಗಳಾ ಶುಲ್ಕ ಏರಿಸ್ತಾನೇ ಇದೀರ. ಪ್ಯಾಕ್ ಅಂತ ಕೊಡ್ತೀರ, ಅದ್ರಲ್ಲಿ ನಮಗೆ ಬೇಕಾಗಿರೋದೊಂದು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತೆ. ನಮ್ಮತ್ತೆ ನೋಡೋ ಒಂದು ಧಾರಾವಾಹಿಗೆ ಬೇರೆ ದುಡ್ಡು. ನಮ್ಮ ಮಾವ ಬೆಳಗ್ಗೆ ಎದ್ದು ಪ್ರವಚನ ಕೇಳ್ತಿದ್ರು, ಅದಕ್ಕೂ ಬೇರೆ ದುಡ್ಡು. ಇಷ್ಟು ಕೊಟ್ರೂ ಚಿತ್ರ ಸರಿಯಾಗಿ ಬರಲ್ಲ. ಮನುಷ್ಯರ ಮುಖ ಚೂರುಚೂರಾಗಿ ಬರುತ್ತೆ. ಕೇಬಲ್‌ನೋರಿಗೆ ಫೋನ್ ಮಾಡಿದ್ರೆ ಎತ್ತಲ್ಲ, ದುಡ್ಡು ವಸೂಲಿಗೆ ಮಾತ್ರ ತಪ್ಪದೆ ಬರ್ತಾರೆ. ನಾವು ಕೊಡ್ತಿರೋದು ಯಾವುದಕ್ಕೆ ಅಂತ ನೀವೇ ಹೇಳಿ."

ಟಿವಿಯಲ್ಲಿ ತನುಶ್ರೀಯ ಕಣ್ಣು ಒಂದು ಸಲ ಎಡಕ್ಕೆ ಹೋಗಿ ಬಂತು. ಅಲ್ಲಿ ಯಾರು ನಿಂತಿರುತ್ತಾರೆ, ಕೈಯಲ್ಲಿ ಏನು ಸನ್ನೆ ಮಾಡುತ್ತಿರುತ್ತಾರೆ ಎಂಬುದು ಅನುಪಮಾಳಿಗೆ ಚೆನ್ನಾಗಿ ಗೊತ್ತಿತ್ತು. ಈಗ, ಈಗ, ಎಂದು ಕಾದಳು.

ತನುಶ್ರೀ ಹುಬ್ಬು ಏರಿಸಿ ನೇರವಾಗಿ ಕ್ಯಾಮೆರಾ ನೋಡಿದಳು. "ನಿಜ ಅಮ್ಮ. ನಮ್ಮನೇಲೂ ಇದೇ ಗೋಳು. ನಮ್ಮಜ್ಜಿ ನರಸಮ್ಮ ಅಂತ, ಅವ್ರು ದಿನಾ ನನ್ನೇ ಬೈತಾರೆ, ನೀನು ಟಿವಿಲಿ ಕೆಲ್ಸ ಮಾಡ್ತೀಯ, ನಿನ್ ಮುಖಾನೇ ಸರಿಯಾಗಿ ಕಾಣಲ್ವಲ್ಲೇ ಅಂತ. ಬೇರೆಯೋರಿಗೂ ಹಿಂಗೇ ಆಗ್ತಿದ್ರೆ ಫೋನ್ ಮಾಡಿ, ಇವತ್ತು ಇದೇ ಮಾತಾಡೋಣ."

ಆಮೇಲೆ ಕರೆಗಳ ಮೇಲೆ ಕರೆ. ಗುಬ್ಬಿಯಿಂದ, ಕಡಬದಿಂದ, ತುಮಕೂರಿನ ಬಡಾವಣೆಗಳಿಂದ. "ಕಾಸು ಕೊಟ್ಟು ಚೌಕಳಿ ನೋಡ್ತಾ ಕೂತಿದೀವಿ ಕಣಮ್ಮ" ಎಂದರು ಯಾರೋ ತಾತ. ತನುಶ್ರೀ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳು ನಕ್ಕದ್ದನ್ನು ನೋಡಿ ಅನುಪಮಾಳಿಗೂ ನಗು ಬಂದುಬಿಟ್ಟಿತು, ಬಂದದ್ದಕ್ಕೆ ಸಿಟ್ಟೂ ಬಂತು. ಇನ್ನೊಬ್ಬರು ಮಾತಾಡುತ್ತಿರುವಾಗಲೇ ಪರದೆ ಬದಲಾಗಿ ಚಿನ್ನದಂಗಡಿಯ ಜಾಹೀರಾತು ಬಂತು. ಕಾರ್ಯಕ್ರಮ ಮತ್ತೆ ಬರಲಿಲ್ಲ.

ಆ ರಾತ್ರಿಯ ಊಟದ ಹೊತ್ತಿಗೆ ವಿಡಿಯೋ ಎಲ್ಲರ ಫೋನಿನಲ್ಲೂ ಇತ್ತು. ಸೋಮಶೇಖರ್ ತಟ್ಟೆ ಮುಂದೆ ಕೂತು ತೋರಿಸಿದ.

"ನೋಡು ಅನು, ನಿಮ್ಮ ಚಾನೆಲ್ ಹುಡುಗಿ. ಏನ್ ಧೈರ್ಯ ಅಲ್ವಾ?"

ವಿಡಿಯೋ ಶುರುವಾಗುವುದೇ "ನಿಜ ಅಮ್ಮ" ಎಂಬಲ್ಲಿಂದ. ಅದಕ್ಕೆ ಮುಂಚಿನ ಕುಣಿಗಲ್ಲಿನ ಹೆಂಗಸನ್ನು ಯಾರೋ ಕತ್ತರಿಸಿ ಹಾಕಿದ್ದರು. ಬಿಸಿ ಅನ್ನದ ಪಾತ್ರೆ ಹಿಡಿದು ನಿಂತಿದ್ದ ಅನುಪಮಾಳಿಗೆ ಕೂಗಿ ಹೇಳಬೇಕು ಅನಿಸಿತು, ಮೊದಲು ಮಾತಾಡಿದ್ದು ನಾನು ಎಂದು. ಹೇಳುವಂತಿರಲಿಲ್ಲ.

"ನಮ್ಮನೆ ಕಥೇನೇ ಹೇಳ್ದಂಗದೆ ಆ ಹುಡುಗಿ" ಎಂದರು ಅತ್ತೆ.

ಸೋಮವಾರ ಸಂಜೆ ಏಳು ಗಂಟೆ ದಾಟಿ ಕೆಲವು ನಿಮಿಷಕ್ಕೆ ಅನುಪಮಾಳ ಫೋನ್ ರಿಂಗಾಯಿತು. ಅಮ್ಮ. ಆ ಹೊತ್ತಿನಲ್ಲಿ ಅಮ್ಮ ತಾವಾಗಿ ಫೋನ್ ಮಾಡಿದ್ದು ಎಷ್ಟೋ ದಿನದ ಮೇಲೆ.

"ಆ ಹುಡುಗೀನ ತೆಗೆದಾಕವ್ರೆ ಕಣೇ. ಯಾರೋ ಗಂಡು ಹುಡುಗ ಬಂದು ಓದ್ತಾ ಅವ್ನೆ. ಕೇಬಲ್‌ನೋರ್ ಮೇಲೆ ಮಾತಾಡಿದ್ದಕ್ಕಂತೆ. ಏನ್ ತಪ್ಪು ಮಾಡಿದ್ಲು ಹೇಳು? ಪಾಪ, ಅಣ್ಣ ಅಂಜನ್‌ಕುಮಾರ ವಸಂತನರಸಾಪುರದಲ್ಲಿ ಫ್ಯಾಕ್ಟರಿಗೆ ಹೋಗ್ತಾನಂತೆ, ಇವ್ಳ ದುಡಿಮೆನೂ ಬೇಕಾಗಿತ್ತಂತೆ ಮನೆಗೆ."

"ಇದೆಲ್ಲ ನಿಂಗೆ ಹೆಂಗೆ ಗೊತ್ತಮ್ಮ?"

"ಒಂದಿನ ಬಸ್ಸಲ್ಲಿ ಸಿಕ್ಕಿದ್ಲು. ನಾನೇ ಮಾತಾಡಿಸ್ದೆ. ಸೀಟು ಬುಟ್ಟುಕೊಟ್ಲು ನಂಗೆ."

ಗೆದ್ದೆ ಎಂದು ಮೊದಲು ಅನಿಸಿದ್ದು ನಿಜ. ಅಮ್ಮನ ದನಿ ನಡುಗುತ್ತಿರುವುದು ಕೇಳಿಸಿದ್ದು ಆಮೇಲೆ. ತಾನು ಕೆಲಸ ಬಿಟ್ಟ ದಿನ ಅಮ್ಮನ ದನಿ ಹೀಗೆ ನಡುಗಿತ್ತೇ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

ಕೆಲವು ದಿನ ಕಳೆದು ಶಿವಮೂರ್ತಿಯವರ ಫೋನ್ ಬಂತು.

"ಅನುಪಮಾ ಅವ್ರೇ, ಹುಡುಗ ಓದಿದ್ರೆ ಜನ ನೋಡ್ತಿಲ್ಲ. ಇನ್ನೊಬ್ಬರನ್ನ ಹೊಸದಾಗಿ ತರೋಕೂ ಧೈರ್ಯ ಇಲ್ಲ. ನೀವು ತಿಳಿದೋರು, ಎಲ್ಲಿ ಏನು ಮಾತಾಡ್ಬೇಕು ಅಂತ ಗೊತ್ತಿರೋರು. ಬರ್ತೀರಾ?"

ಬರುತ್ತೇನೆ ಎಂದಳು. ಯೋಚಿಸಿ ಹೇಳುತ್ತೇನೆ ಎಂದು ಕೂಡ ಅನ್ನಲಿಲ್ಲ. ವಾರ್ತೆಯನ್ನು ಮಧ್ಯಾಹ್ನವೇ ಚಿತ್ರೀಕರಿಸಿಕೊಂಡು ಸಂಜೆ ಹಾಕುತ್ತಾರೆ, ಏಳರ ಹೊತ್ತಿಗೆ ಮನೆಯಲ್ಲಿರುತ್ತೇನೆ ಎಂದು ಗಂಡನನ್ನು ಒಪ್ಪಿಸಿದಳು. ಮಗಳನ್ನು ಅತ್ತೆ ನೋಡಿಕೊಳ್ಳುತ್ತೇನೆ ಎಂದರು. ಅವರಿಗೆ ಆ ವಾರ ಮನಸ್ಸು ಹಗುರವಾಗಿತ್ತು. ಜನ ಬೆಟ್ಟಸ್ವಾಮಿಯಂಥವರನ್ನು ಬೀದಿಬೀದಿಯಲ್ಲಿ ತರಾಟೆಗೆ ತೆಗೆದುಕೊಂಡಿದ್ದರಿಂದ ಕಂಪನಿಯವರು ಧಾರಾವಾಹಿಯ ಚಾನೆಲನ್ನೂ ಪ್ರವಚನವನ್ನೂ ಎಲ್ಲ ಪ್ಯಾಕಿಗೂ ಸೇರಿಸಿದ್ದರು. ಮಹಾಲಿಂಗಯ್ಯನವರು ಟಿವಿ ಮುಂದೆ ಕಾಲು ಮಡಿಸಿ ಕೂತು, "ಆ ಹುಡುಗಿ ಪುಣ್ಯ. ತನ್ನ ಕೆಲ್ಸ ಕಳ್ಕೊಂಡ್ಲು, ನಮಗೆ ಇದು ಸಿಕ್ತು" ಎಂದರು. ಅನುಪಮಾ ಅವರ ಮುಂದೆ ಕಾಫಿ ಲೋಟ ಇಟ್ಟು ಒಳಗೆ ಹೋದಳು. ಕೊಟ್ಟದ್ದು ತಾನು, ಹೆಸರು ಮಾತ್ರ ಅವಳದು. ಕೆಲಸ ಹೋದ ಮೇಲೂ ಅವಳದೇ.

ತುಮಕೂರಿನ ಆ ಮಹಡಿ ಹಾಗೇ ಇತ್ತು. ಪರದೆಯ ನೀಲಿ ಸ್ವಲ್ಪ ಮಾಸಿತ್ತು. ಬಣ್ಣ ಹಚ್ಚಿಕೊಳ್ಳುವ ಕೋಣೆಗೆ ಹೋದರೆ ಅಲ್ಲಿ ಒಂದು ಹುಡುಗಿ ಬೀರುವಿನಿಂದ ಸೀರೆಗಳನ್ನು ತೆಗೆದು ಬಟ್ಟೆಯ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಬಾಗಿಲು ಸದ್ದಾಗಿದ್ದಕ್ಕೆ ತಿರುಗಿದಳು. ಚೌಕಳಿಯಿಲ್ಲದೆ, ಇಡಿಯಾಗಿ, ಆ ಗುಂಡು ಮುಖವನ್ನು ಅನುಪಮಾ ಮೊದಲ ಸಲ ನೋಡಿದಳು. ಟಿವಿಯಲ್ಲಿ ಕಂಡದ್ದಕ್ಕಿಂತ ತುಂಬ ಚೆನ್ನಾಗಿದ್ದಳು.

"ನಮಸ್ಕಾರ ಅಕ್ಕ" ಎಂದಳು ತನುಶ್ರೀ. "ಕೂತ್ಕೊಳಿ, ಇದೆಲ್ಲ ತೆಗೆದ್ಬಿಡ್ತೀನಿ."

"ನಿಧಾನವಾಗಿ ತಗೋ."

ತನುಶ್ರೀ ಇನ್ನೊಂದು ಸೀರೆ ಮಡಿಸಿದಳು. ಆ ಹಳದಿ ಸೀರೆ. ಮಡಿಸುತ್ತಲೇ ಕೇಳಿದಳು, "ಆವತ್ತು ಕುಣಿಗಲ್‌ನಿಂದ ಮಾತಾಡಿದ್ದು ನೀವೇ ಅಲ್ವಾ ಅಕ್ಕ?"

ಅನುಪಮಾ ಬಾಗಿಲು ಮುಂದೆ ಮಾಡಿದಳು. "ಹೆಂಗೆ ಗೊತ್ತಾಯ್ತು?"

"ನಂಗೆ ಕೆಲ್ಸ ಕೊಟ್ಟಾಗ ನಿಮ್ಮ ಹಳೇ ರೆಕಾರ್ಡಿಂಗ್ ಎಲ್ಲಾ ಕೇಳ್ಸಿದ್ರು, ಇವ್ರ ಥರ ಓದ್ಬೇಕು ಅಂತ. ತಿಂಗಳುಗಟ್ಲೆ ಕೇಳಿದೀನಿ. ಬರ್ಲಿಲ್ಲ ನಂಗೆ, ಬಿಟ್ಬಿಟ್ಟೆ. ಆದ್ರೆ ನಿಮ್ ದನಿ ಮರೀತದಾ?"

"ಗೊತ್ತಿದ್ದೂ ಯಾಕೆ ಕಟ್ ಮಾಡ್ಲಿಲ್ಲ?"

"ನೀವು ಹೇಳಿದ್ದು ನಿಜ ಇತ್ತಲ್ಲ."

ಅನುಪಮಾ ನೆಲ ನೋಡುತ್ತಾ ಹೇಳಿದಳು. "ನಾನು ಒಳ್ಳೇದಕ್ಕೆ ಅಂತ ಫೋನ್ ಮಾಡಿದ್ದಲ್ಲ."

"ಅದೂ ಗೊತ್ತಾಯ್ತು ಅಕ್ಕ. ಆವತ್ತಲ್ಲ. ನೀವು ವಾಪಸ್ ಬರ್ತಿದೀರ ಅಂತ ಆಫೀಸ್‌ನೋರು ಹೇಳ್ದಾಗ." ತನುಶ್ರೀಯ ದನಿಯಲ್ಲಿ ಸಿಟ್ಟಿರಲಿಲ್ಲ, ಹಾಗಂತ ಪ್ರೀತಿಯೂ ಇರಲಿಲ್ಲ. "ಅದನ್ನ ಕೇಳಿದ ದಿನ ಮನೇಲಿ ಕೂತು ಅತ್ಬಿಟ್ಟೆ. ಸುಳ್ಳು ಯಾಕೆ ಹೇಳ್ಲಿ? ಈಗ ಅಣ್ಣ ಒಂದು ಸ್ಟ್ಯಾಂಡು, ಒಂದು ಲೈಟು ತಂದ್ಕೊಟ್ಟವ್ನೆ. ಫೋನಲ್ಲೇ ನ್ಯೂಸ್ ಓದಿ ಹಾಕ್ತಿದೀನಿ. ಕಟ್ ಮಾಡು ಅಂತ ಪಕ್ಕದಲ್ಲಿ ಯಾರೂ ನಿಂತಿರಲ್ಲ."

ಚೀಲದ ಬಾಯಿ ಕಟ್ಟಿ, ಹೆಗಲಿಗೆ ಹಾಕಿಕೊಂಡು, ಬಾಗಿಲ ಹತ್ತಿರ ನಿಂತು, "ಆ ಕನ್ನಡಿ ಬಲಗಡೆ ಬಲ್ಬು ಉರಿಯಲ್ಲ ಅಕ್ಕ, ಎಡಗಡೆ ಕೂತ್ಕೊಳಿ" ಎಂದು ಹೇಳಿ ಇಳಿದುಹೋದಳು.

ಅನುಪಮಾ ಎಡಗಡೆ ಕೂತು ಬಣ್ಣ ಹಚ್ಚಿಕೊಂಡಳು. ಶಿವಮೂರ್ತಿ ಬಂದು, ಶನಿವಾರದ ಕಾರ್ಯಕ್ರಮ ನಿಲ್ಲಿಸಿದ್ದೇವೆ, ನಿಮಗೂ ಭಾರ ಕಮ್ಮಿ ಎಂದರು. ಅಂದು ಓದಿದಳು. ಒಂದಕ್ಷರ ಜಾರಲಿಲ್ಲ. ಕ್ಯಾಮೆರಾ ಹಿಡಿದವನು ಆಕಳಿಸುತ್ತಾ, "ಸೂಪರ್ ಮೇಡಂ" ಎಂದ.

ಸಂಜೆ ಏಳಕ್ಕೆ ಕುಣಿಗಲ್ಲಿನ ಮನೆಯಲ್ಲಿ ಎಲ್ಲರೂ ಕೂತು ನೋಡಿದರು. ಮಗಳು ಟಿವಿಯನ್ನೂ ಅಮ್ಮನನ್ನೂ ಮತ್ತೆಮತ್ತೆ ನೋಡಿ ಚಪ್ಪಾಳೆ ತಟ್ಟಿತು. ಅನುಪಮಾ ಕಾದದ್ದು ಗುಬ್ಬಿಯ ಫೋನಿಗೆ. ಅದು ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಭಾನುವಾರ ಮಗಳನ್ನು ಕರೆದುಕೊಂಡು ತಾನೇ ಬಸ್ಸು ಹತ್ತಿದಳು.

ಶಿವರುದ್ರಮ್ಮನವರ ಮನೆಯಲ್ಲಿ ಟಿವಿಗೆ ಬಟ್ಟೆ ಹೊದಿಸಿತ್ತು. ಕೇಬಲ್ ಡಬ್ಬ ಇರಲಿಲ್ಲ.

"ತೆಗೆಸ್ಬುಟ್ಟೆ ಕಣೇ" ಎಂದರು ಅವರು. "ಒಂದು ಹೆಣ್ಣು ಮಗೂನ ಬೀದಿಗೆ ತಳ್ಳಿದೋರಿಗೆ ನಾನ್ಯಾಕೆ ದುಡ್ಡು ಕಟ್ಲಿ?"

"ಅಮ್ಮ, ಅದ್ರಲ್ಲಿ ಈಗ ನಾನು ಬರ್ತೀನಲ್ಲ!"

"ಗೊತ್ತು ಕಣೇ. ನಿನ್ ಮುಖ ನೋಡೋಕೆ ನಂಗೆ ಡಬ್ಬ ಬೇಕಾ? ಹಿಂಗೆ ಬಸ್ಸತ್ತಿ ಬಾ, ನೋಡ್ತೀನಿ."

ಸಂಜೆ ಅಮ್ಮ ಫೋನನ್ನು ಸ್ಟೀಲ್ ಚೊಂಬಿಗೆ ಒರಗಿಸಿ ನಿಲ್ಲಿಸಿದರು. ತನುಶ್ರೀ ಬಂದಳು. ಹಿಂದೆ ಸುಣ್ಣದ ಗೋಡೆ, ಮುಖದ ಮೇಲೆ ಸ್ವಚ್ಛ ಬೆಳಕು. ಗುಬ್ಬಿಯ ಬಸ್ ನಿಲ್ದಾಣದ ನೀರಿನ ನಲ್ಲಿಯ ಬಗ್ಗೆ ಹೇಳಿದಳು, ಹನಿ ನೀರು ಅನ್ನುವುದನ್ನು ತನ್ನ ರೂಢಿಯಂತೆ 'ಅನಿ ನೀರು' ಎಂದಳು. ಅಜ್ಜಿಯ ತೊಡೆ ಮೇಲೆ ಕೂತಿದ್ದ ಮೊಮ್ಮಗಳು ಕಣ್ಣು ಮಿಟುಕಿಸದೆ ನೋಡಿತು. ಅನುಪಮಾಳೂ ನೋಡಿದಳು. ತಪ್ಪು ಹುಡುಕುತ್ತಾ ಶುರುಮಾಡಿದವಳು, ನಡುವೆ ಎಲ್ಲೋ ಹುಡುಕುವುದನ್ನು ಮರೆತು ಸುದ್ದಿಯನ್ನೇ ಕೇಳಿಬಿಟ್ಟಿದ್ದಳು. ಮುಗಿದ ಮೇಲೆ ಅದು ಅರಿವಾಗಿ ಮುಖ ಬಿಸಿಯಾಯಿತು.

ಶಿವರುದ್ರಮ್ಮ ಮಗಳ ಕಡೆಗೇ ನೋಡುತ್ತಿದ್ದರು. "ಹೊಟ್ಟೆ ಉರೀತದಾ?" ಎಂದು ಮೆಲ್ಲಗೆ ಕೇಳಿದರು.

ಅನುಪಮಾ ಇಲ್ಲ ಎನ್ನಲು ಹೋಗಿ ನಿಂತಳು. "ಉರಿಯುತ್ತೆ ಅಮ್ಮ. ತುಂಬಾ ಉರಿಯುತ್ತೆ."

ಅಮ್ಮ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಫೋನು ತೆಗೆದು ಮಗಳ ಕೈಗೆ ಕೊಟ್ಟರು. "ಇದ್ರಲ್ಲಿ ಅವಳಿಗೆ ಒಂದು ಮಾತು ಬರ್ದು ಕಳಿಸ್ಬೋದಂತಲ್ಲ. ನಂಗೆ ಬರಲ್ಲ. ಬರಿ. ಚೆನ್ನಾಗಿ ಹೇಳ್ತೀಯ ಕಣಮ್ಮ, ದಿನಾ ಬಾ ಅಂತ."

ಅನುಪಮಾ ಬರೆದಳು. ಅಮ್ಮ ಹೇಳಿದಷ್ಟನ್ನೇ, ಅಮ್ಮ ಹೇಳಿದ ಹಾಗೇ, ಒಂದಕ್ಷರವನ್ನೂ ತಿದ್ದದೆ. ಕಳಿಸುವ ಗುರುತಿನ ಮೇಲೆ ಹೆಬ್ಬೆರಳು ಕೊಂಚ ಹೊತ್ತು ನಿಂತಿತ್ತು. ಆಮೇಲೆ ಒತ್ತಿದಳು.

"ಹೋಯ್ತಾ?" ಎಂದರು ಅಮ್ಮ.

"ಹೋಯ್ತು."

ಶಿವರುದ್ರಮ್ಮ ರೊಟ್ಟಿಗೆ ಹಿಟ್ಟು ಕಲಸಲು ಎದ್ದರು. ಮಗಳು ಇನ್ನೊಂದು ಸಲ ಹಾಕು ಎಂದು ಅನುಪಮಾಳ ಸೆರಗು ಜಗ್ಗುತ್ತಿತ್ತು.